ಕ್ಯಾಬಿನ್ನಿನ ಹೊಗೆ ಪೈಪನ್ನು ನಾವ್ಯಾಕೆ ಕೀಳಲಿಲ್ಲ

ಮೆಜೆಸ್ಟಿಕ್ ಕಡೆಯ ಥಿಯೇಟರ್‌ಗಳಲ್ಲಿ ಕೆಲಸ ಮಾಡಿದವರನ್ನು ಹಳೇ ಕಾಲದ ಬಗ್ಗೆ ಕೇಳಿ ನೋಡಿ. ಕಟೌಟು, ಹಾಲಿನ ಅಭಿಷೇಕ, ಬ್ಲ್ಯಾಕ್ ಟಿಕೆಟ್ಟು ಅಂತಲೇ ಶುರು ಮಾಡುತ್ತಾರೆ. ನಾನು ಪ್ರೊಜೆಕ್ಟರ್ ಆಪರೇಟರ್. ಆ ಗಲಾಟೆಯೆಲ್ಲ ನನಗೆ ಕಂಡದ್ದು ಕ್ಯಾಬಿನ್ನಿನ ಸಣ್ಣ ಕಿಂಡಿಯಿಂದ. ಹಾಗಾಗಿ ನಾನು ಹೇಳುವ ಚರಿತ್ರೆಯೂ ಮೇಲಿನ ಆ ರೂಮಿನದೇ.

ನಮ್ಮದು 1950ಕ್ಕಿಂತ ಮುಂಚಿನ ಕಟ್ಟಡ. ಕ್ಯಾಬಿನ್ನಿಗೆ ದಪ್ಪ ಗೋಡೆ, ಹೊರಗಡೆಯಿಂದಲೇ ಬೇರೆ ಮೆಟ್ಟಿಲು, ಕಿಂಡಿಗಳಿಗೆ ಮೇಲಿಂದ ಬೀಳುವ ತಗಡಿನ ಬಾಗಿಲು. ಹೊಸಬರು ಬಂದರೆ "ಇದೇನಣ್ಣ, ಜೈಲಾ?" ಅನ್ನುತ್ತಾರೆ. ಕಾರಣ ಫಿಲಂ. 1934ರ ಮಾರ್ಚ್ 3ರಂದು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್‌ನಲ್ಲಿ ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' ತೆರೆ ಕಂಡಿತಲ್ಲ, ಆ ಕಾಲದ ಸಿನಿಮಾ ರೀಲು ಅಂದರೆ ನೈಟ್ರೇಟ್. ಅದಕ್ಕೆ ಬೆಂಕಿ ಹತ್ತಿದರೆ ನೀರಲ್ಲಿ ಮುಳುಗಿಸಿದರೂ ಆರುವುದಿಲ್ಲ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಬೆಂಕಿ ಬಿದ್ದರೆ ಕ್ಯಾಬಿನ್ ಒಳಗೇ ಇರಲಿ, ಹಾಲ್‌ಗೆ ಹೋಗದಿರಲಿ ಅಂತ ಆ ಗೋಡೆ, ಆ ತಗಡು. 1950ರ ದಶಕದಲ್ಲಿ ಅಷ್ಟು ಸುಲಭಕ್ಕೆ ಬೆಂಕಿ ಹತ್ತದ ಸೇಫ್ಟಿ ಫಿಲಂ ಬಂದ ಮೇಲೆ ಭಯ ಕಡಿಮೆಯಾಯಿತು, ಗೋಡೆ ಉಳಿಯಿತು.

ಡಿಜಿಟಲ್ ಬಂದಾಗ ಕಂಟ್ರಾಕ್ಟರ್ ಕ್ಯಾಬಿನ್ ಪೂರ್ತಿ ಖಾಲಿ ಮಾಡಿಸಿ ಅಂದರು. ರೀಲ್ ಸುತ್ತುವ ಟೇಬಲ್ ಮೊದಲು ಹೋಯಿತು. ಯಾರೂ ತಕರಾರು ಮಾಡಲಿಲ್ಲ. ರೀಲೇ ಇಲ್ಲದ ಮೇಲೆ ಅದನ್ನಿಟ್ಟುಕೊಂಡು ಏನು ಮಾಡುವುದು? ಎರಡನೇ ಪ್ರೊಜೆಕ್ಟರೂ ಹಾಗೇ. ಮೊದಲಾದರೆ ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಬರುತ್ತಿತ್ತು. ಆಗ ಎರಡನೇ ಮೆಷಿನ್ನಿನ ಮೋಟಾರ್ ಆನ್. ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕಿ, ಚೇಂಜ್ ಓವರ್, ಅಂದರೆ ಚಿತ್ರ ಎರಡನೇ ಮೆಷಿನ್ನಿಗೆ. ಜನಕ್ಕೆ ಆ ಚುಕ್ಕಿ ಕಾಣುತ್ತಲೇ ಇರಲಿಲ್ಲ, ನನಗೆ ಇವತ್ತಿಗೂ ಹಳೇ ಸಿನಿಮಾ ಟೀವಿಯಲ್ಲಿ ಬಂದರೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಜಗಳ ಆದದ್ದು ಪೈಪಿಗೆ. ಪ್ರೊಜೆಕ್ಟರ್ ಮೇಲಿಂದ ಛಾವಣಿ ದಾಟಿ ಹೋಗುವ ತಗಡಿನ ಹೊಗೆ ಪೈಪು. "ಕಾರ್ಬನ್ ಕಾಲದ್ದು ಸರ್, ಈಗ ಹೊಗೆ ಎಲ್ಲಿದೆ?" ಅಂದರು ಕಂಟ್ರಾಕ್ಟರ್. ಅರ್ಧ ನಿಜ. ಎರಡು ಕಾರ್ಬನ್ ಕಡ್ಡಿಗಳ ತುದಿ ಹತ್ತಿರ ತಂದು ಕಿಡಿ ಹೊತ್ತಿಸಿದರೆ ಬರುವ ಬೆಳಕಲ್ಲೇ ಸಿನಿಮಾ ತೋರಿಸುತ್ತಿದ್ದೆವು. ಕಡ್ಡಿ ಸವೆಯುತ್ತಿದ್ದಂತೆ ಮುಂದೆ ತಳ್ಳಬೇಕು, ಕಪ್ಪು ಗಾಜಿನಿಂದ ನೋಡುತ್ತಲೇ ಇರಬೇಕು. ಕಡ್ಡಿಯ ಮೇಲಿನ ತಾಮ್ರದ ಲೇಪ ಕರಗಿ ಲ್ಯಾಂಪ್ ಹೌಸ್, ಅಂದರೆ ಕಡ್ಡಿ ಉರಿಯುವ ಪೆಟ್ಟಿಗೆಯ ತಳದಲ್ಲಿ ಸಾಸಿವೆ ಕಾಳಿನ ಹಾಗೆ ಬಿದ್ದಿರುತ್ತಿತ್ತು. ಶೋ ಮುಗಿದ ಮೇಲೆ ಅದನ್ನು, ಬೂದಿಯನ್ನು ಗುಡಿಸಬೇಕು. ಪರದೆ ದೊಡ್ಡದಾದಷ್ಟೂ ಬೆಳಕು ಜಾಸ್ತಿ ಬೇಕು, ಬೆಳಕು ಜಾಸ್ತಿಯಾದಷ್ಟೂ ಶಾಖ. 1968ರಲ್ಲಿ ಶುರುವಾದ ಕಪಾಲಿಯಂಥ ಕಡೆ, 1,400ಕ್ಕೂ ಹೆಚ್ಚು ಸೀಟು, ಬಾಗಿದ ಸಿನೆರಾಮಾ ಪರದೆ ಇದ್ದಲ್ಲಿ, ಲ್ಯಾಂಪ್ ಹೌಸಿನ ಶಾಖ ಎಷ್ಟಿರಬೇಕು ಯೋಚಿಸಿ.

ಆಮೇಲೆ ಕಾರ್ಬನ್ ಕಡ್ಡಿಯ ಬದಲು ಕ್ಸೆನಾನ್ ಅನಿಲದ ಬಲ್ಬ್ ಬಂತು. ಹೊಗೆ ಹೋಯಿತು, ಶಾಖ ಹೋಗಲಿಲ್ಲ. ನಮಗೆ ಬಂದ ಡಿಜಿಟಲ್ ಪ್ರೊಜೆಕ್ಟರ್ ಒಳಗಿದ್ದದ್ದೂ ಅದೇ ಕ್ಸೆನಾನ್ ಬಲ್ಬು! ಹಾರ್ಡ್ ಡಿಸ್ಕ್, ಪಾಸ್‌ವರ್ಡ್ ನೋಡಿ ಎಲ್ಲರೂ ಅದನ್ನು ಕಂಪ್ಯೂಟರ್ ಅಂದುಕೊಂಡಿದ್ದರು. ಮ್ಯಾನುಯಲ್ ತೆಗೆಸಿದೆ. ಬಿಸಿ ಗಾಳಿ ಹೊರಗೆ ಹೋಗಲು ಎಷ್ಟು ಅಗಲದ ಪೈಪು, ಎಷ್ಟು ಜೋರಿನ ಫ್ಯಾನು ಅಂತ ಅಲ್ಲೇ ಬರೆದಿತ್ತು. ಹಳೇ ಪೈಪನ್ನೇ ತೊಳೆದು, ಹೊಸ ಫ್ಯಾನ್ ಹಾಕಿ ಸೇರಿಸಿದೆವು.

ಅಂದಿನಿಂದ ಕ್ಯಾಬಿನ್ ಹುಡುಗರಿಗೆ ನಾನು ಹೇಳಿಕೊಡುವುದು ಹೀಗೆ: ಹಳೇ ಸಾಮಾನು ಕೀಳುವ ಮುಂಚೆ ಯಾವ ತೊಂದರೆಗೆ ಇದನ್ನು ಹಾಕಿದ್ದರು, ಆ ತೊಂದರೆ ಪೂರ್ತಿ ಹೋಯಿತಾ, ಬರೀ ಹೆಸರು ಬದಲಾಯಿತಾ ಅಂತ ನೋಡಿ. ಮರಳಿನ ಬಕೆಟ್ ಈಗಲೂ ಇದೆ. ನೈಟ್ರೇಟ್ ಹೋಯಿತು, ವೈರಿಂಗ್ ಇದೆಯಲ್ವಾ?

ಎಂ.ಜಿ. ರೋಡಿನ ಪ್ಲಾಜಾ ಇದ್ದ ಜಾಗದಲ್ಲಿ ಮೆಟ್ರೊ ಸ್ಟೇಷನ್ ಇದೆ. ಕಪಾಲಿ ಕೆಡವಿದರು. ರೆಕ್ಸ್ 2018ರ ಕೊನೆಗೆ ಮುಚ್ಚಿತು. ಥಿಯೇಟರ್ ಮುಚ್ಚುವಾಗ ಜನ ಬೋರ್ಡಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ, ಕ್ಯಾಬಿನ್ ಹತ್ತುವವರು ಕಡಿಮೆ. ಹತ್ತಿದರೆ ಗೋಡೆ, ಕಿಂಡಿ, ಪೈಪಿನದೂ ಒಂದೊಂದು ಫೋಟೋ ತೆಗೆಯಿರಿ.

ಈಗ ಲೇಸರ್ ಪ್ರೊಜೆಕ್ಟರ್ ಮಾತು ನಡೆಯುತ್ತಿದೆ. "ಅದಕ್ಕೆ ಬಲ್ಬೇ ಇಲ್ಲ, ಈಗಲಾದರೂ ಪೈಪ್ ಕೀಳೋಣ್ವಾ ಅಣ್ಣ?" ಅಂತ ಹುಡುಗ ಕೇಳಿದ. ಲೇಸರ್‌ಗೂ ಶಾಖ ಇದೆ, ಮೊದಲು ಮ್ಯಾನುಯಲ್ ತರಿಸು ಅಂದಿದ್ದೇನೆ.