ಮೂರು ಬೆರಳಿನ ತುರಿಕೆ

ಚರ್ಮದ ಡಾಕ್ಟರು ನನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಡಿಸಿದರು. ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ನೋಡಿದರು. "ತೊಟ್ಟಿ ತೊಳೆಯುವಾಗ ಎಡಗೈಯೂ ನೀರಿಗೆ ಇಳಿಯುತ್ತದೆ ತಾನೆ?" ಎಂದು ಕೇಳಿದರು. ಇಳಿಯುತ್ತದೆ, ಮೊಣಕೈವರೆಗೆ ಎಂದೆ. "ಹಾಗಾದರೆ ಎಡಗೈಗೆ ಏನೂ ಆಗಿಲ್ಲವಲ್ಲ, ಏಕೆ?"

ನಾಲ್ಕು ತಿಂಗಳಿಂದ ಹಗಲೂ ರಾತ್ರಿ ಕೆರೆದುಕೊಳ್ಳುತ್ತಿದ್ದ ನನಗೆ ಈ ಪ್ರಶ್ನೆ ಒಂದು ಸಲವೂ ಹೊಳೆದಿರಲಿಲ್ಲ.

ತೊಟ್ಟಿ ಮಗನದು. ಆಗಸ್ಟಿನಲ್ಲಿ ಓದಲು ಮಣಿಪಾಲಕ್ಕೆ ಹೊರಟಾಗ, ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯ ಕೋಣೆಯಲ್ಲಿದ್ದ ಆ ಎರಡಡಿಯ ಗಾಜಿನ ತೊಟ್ಟಿಯನ್ನೂ ಅದರೊಳಗಿನ ಒಂದು ಜೊತೆ ಏಂಜೆಲ್ ಮೀನನ್ನೂ ನನಗೆ ಒಪ್ಪಿಸಿ ಹೋದ. ಭಾನುವಾರಕ್ಕೊಮ್ಮೆ ಒಂದು ಬಕೆಟ್ ನೀರು ತೆಗೆದು, ಹಿಂದಿನ ದಿನವೇ ಹಿಡಿದಿಟ್ಟು ಕ್ಲೋರಿನ್ ಹಾರಿಸಿದ ಇನ್ನೊಂದು ಬಕೆಟ್ ತುಂಬಬೇಕು. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು, ನಲ್ಲಿಯ ಕೆಳಗೆ ತೊಳೆದರೆ ಅದರಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ದಿನಕ್ಕೊಮ್ಮೆ ಆಹಾರವಾಗಿ ಒಂದು ಚಿಟಿಕೆ ಒಣಹುಳು, ಬ್ಲಡ್‌ವರ್ಮ್. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದ. ಮೊದಮೊದಲು ಕರ್ತವ್ಯವೆಂದು ಮಾಡಿದೆ. ದೀಪಾವಳಿಯ ಹೊತ್ತಿಗೆ ಆ ಮೀನುಗಳ ಮೇಲೆ ಜೀವವೇ ಬಂದುಬಿಟ್ಟಿತ್ತು.

ತುರಿಕೆ ಶುರುವಾಗಿದ್ದೂ ಆಗಲೇ. ಮೊದಲು ಬೆರಳ ತುದಿ ಚುರುಚುರು ಎನ್ನುವುದು, ಕಾಲು ಗಂಟೆಯೊಳಗೆ ಕೆಂಪಗೆ ದದ್ದು ಏಳುವುದು, ಎರಡು ಗಂಟೆಯಲ್ಲಿ ಇಳಿಯುವುದು. ಡಿಸೆಂಬರಿನಲ್ಲಿ ಇಳಿಯುವುದೂ ನಿಂತಿತು. ಚರ್ಮ ದಪ್ಪಗಾಗಿ ಒಡೆಯಿತು. ಮಡಿಕೆಯಲ್ಲಿ ಬಿಟ್ಟ ಬಿರುಕಿಗೆ ಹುಣಸೆಹುಳಿ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಲೋಕಲ್ ರೈಲಿನಲ್ಲಿ ಮೇಲಿನ ಹಿಡಿಯನ್ನು ಉಳಿದೆರಡು ಬೆರಳಿಂದ ಹಿಡಿಯುವುದು ರೂಢಿಯಾಯಿತು. ಒಂದು ಬೆಳಿಗ್ಗೆ ಎದ್ದಾಗ ಬಲಗಣ್ಣಿನ ರೆಪ್ಪೆ ಊದಿಕೊಂಡಿತ್ತು, ನಿದ್ದೆಯಲ್ಲಿ ಕಣ್ಣುಜ್ಜಿಕೊಂಡಿದ್ದೆ.

ಎಲ್ಲರ ಬೆರಳೂ ನೀರಿನ ಕಡೆಗೇ ತೋರಿಸಿತು. ನಮ್ಮ ಬೀದಿಯ ಡಾಕ್ಟರು ಸೋಪು ಬದಲಿಸಲು ಹೇಳಿ ಒಂದು ಮುಲಾಮು ಕೊಟ್ಟರು. ಹಚ್ಚಿದಷ್ಟು ದಿನ ಆರಾಮ, ಬಿಟ್ಟರೆ ಮೊದಲಿನಂತೆಯೇ. ಎದುರುಮನೆಯ ಕಾಕೂ ಕರ್ಪೂರ ಹಾಕಿ ಕಾಸಿದ ಕೊಬ್ಬರಿ ಎಣ್ಣೆ ತಂದುಕೊಟ್ಟರು. ಕುಂದಾಪುರದಿಂದ ಅಮ್ಮ ಫೋನಿನಲ್ಲಿ ಮೆಲ್ಲನೆ ಕೇಳಿದಳು: "ಈ ವರ್ಷ ನಾಗನಿಗೆ ತನು ಹಾಕಿಸಿದೆಯಾ?" ತನು ಎಂದರೆ ನಾಗನ ಕಲ್ಲಿಗೆ ಹಾಲು, ಎಳನೀರು ಎರೆಯುವ ಸೇವೆ. ನಮ್ಮೂರಲ್ಲಿ ಚರ್ಮಕ್ಕೆ ಏನಾದರೂ ಆದರೆ ಮೊದಲು ನೆನಪಾಗುವುದು ನಾಗನೇ. ಹಾಕಿಸಿರಲಿಲ್ಲ. ಜನವರಿಯಲ್ಲಿ ತಮ್ಮನ ಮದುವೆಗೆಂದು ಊರಿಗೆ ಹೋದಾಗ ಹಾಕಿಸಿದೆ. ಅಲ್ಲಿದ್ದ ಹನ್ನೆರಡು ದಿನದಲ್ಲಿ ಬೆರಳು ಮುಕ್ಕಾಲು ಪಾಲು ವಾಸಿಯಾಯಿತು. ಅಮ್ಮನ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಇಂದಿಗೂ ಗೌರವಿಸುತ್ತೇನೆ. ಆದರೆ ಡೊಂಬಿವಲಿಗೆ ಮರಳಿದ ಮೂರನೇ ದಿನ ಮತ್ತೆ ದದ್ದು ಎದ್ದಿತು.

ಅಂದಿನಿಂದ ರಬ್ಬರ್ ಕೈಗವಸು ಹಾಕಿಕೊಂಡೇ ತೊಟ್ಟಿ ತೊಳೆದೆ. ಗುಣ ಕಾಣಲಿಲ್ಲ. ನಮ್ಮವರು ತೊಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದರು. ಮಗನಿಗೆ ಹೇಗೆ ಹೇಳಲಿ ಎಂಬ ಸಂಕಟದಲ್ಲೇ ದಾದರಿನ ಈ ಡಾಕ್ಟರ ಬಳಿ ಬಂದಿದ್ದೆ.

ಅವರು ಮೊದಲು ಮುಂಗೈಯಿಂದ ತೋಳಿನವರೆಗೆ ಒತ್ತಿ ಒತ್ತಿ ಗಂಟುಗಳಿವೆಯೇ ಎಂದು ನೋಡಿದರು. ಮೀನಿನ ತೊಟ್ಟಿಯ ನೀರಿನಲ್ಲಿ ಮೈಕೋಬ್ಯಾಕ್ಟೀರಿಯಂ ಮರೈನಮ್ ಎಂಬ ಸೂಕ್ಷ್ಮಜೀವಿ ಇರಬಹುದಂತೆ, ಕ್ಷಯದ ರೋಗಾಣುವಿನ ದಾಯಾದಿ. ಗಾಯದ ಮೂಲಕ ಒಳಹೊಕ್ಕು ಕೆಲವು ವಾರಗಳ ಮೇಲೆ ಗಂಟಾಗಿ ಕಾಣಿಸಿಕೊಂಡು ತೋಳಿನುದ್ದಕ್ಕೂ ಸಾಲುಗಟ್ಟಬಹುದು. ಅದಕ್ಕೆ 30 ಡಿಗ್ರಿಯ ಆಸುಪಾಸಿನ ತಂಪು ಬೇಕು, ದೇಹದೊಳಗಿನ 37 ಡಿಗ್ರಿ ಒಗ್ಗುವುದಿಲ್ಲ, ಆದ್ದರಿಂದ ಹೆಚ್ಚಾಗಿ ಕೈಕಾಲುಗಳ ಚರ್ಮದಲ್ಲೇ ಉಳಿಯುತ್ತದೆ. ಬಂದರೆ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು. ನನಗೆ ಅದಲ್ಲ ಎಂದರು. ಬಿರುಕು ಬಿಟ್ಟ ಕೈಯನ್ನು ಹಾಗೆಯೇ ತೊಟ್ಟಿಗೆ ಅದ್ದುತ್ತಿದ್ದ ದಿನಗಳು ನೆನಪಾಗಿ ಮೈ ಜುಮ್ಮೆಂದಿತು.

ಆಮೇಲೆ ಅವರೆಂದರು: "ಮೀನಿಗೆ ಆಹಾರ ಹೇಗೆ ಹಾಕುತ್ತೀರಿ, ಒಮ್ಮೆ ಮಾಡಿ ತೋರಿಸಿ."

ಗಾಳಿಯಲ್ಲೇ ಚಿಟಿಕೆ ಹಿಡಿದು ತೋರಿಸಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು. ದದ್ದು ಎದ್ದಿದ್ದೂ ಚರ್ಮ ಒಡೆದಿದ್ದೂ ಸರಿಯಾಗಿ ಆ ಮೂರರಲ್ಲೇ. ಕಿರುಬೆರಳು ನನ್ನ ಮದುವೆಯ ದಿನ ಇದ್ದಷ್ಟೇ ನುಣುಪಾಗಿತ್ತು. ತೊಟ್ಟಿ ತೊಳೆದಾದ ಮೇಲೆ ಕೈಗವಸು ಕಳಚಿಟ್ಟು, ಬರಿಗೈಯಲ್ಲಿ ಬ್ಲಡ್‌ವರ್ಮ್ ಹಾಕುತ್ತಿದ್ದವಳು ನಾನು.

ಅಲರ್ಜಿ ಪರೀಕ್ಷೆಗೆ ಮುಂಚೆ ಒಂದು ವಾರ, ತುರಿಕೆ ತಡೆಯುವ ಸೆಟಿರಿಜಿನ್ ಮಾತ್ರೆ ನಿಲ್ಲಿಸಬೇಕಿತ್ತು. ಆ ವಾರದ ರಾತ್ರಿಗಳು ಶತ್ರುವಿಗೂ ಬೇಡ. ಮುಂದಿನ ಶನಿವಾರ, ಹೇಳಿದಂತೆ ಡಬ್ಬಿಯಿಂದ ಸ್ವಲ್ಪ ಹುಳುವನ್ನು ಪೊಟ್ಟಣ ಕಟ್ಟಿ ಒಯ್ದೆ. ಅದನ್ನು ಸಲೈನ್ ನೀರಿನಲ್ಲಿ ಕಲಸಿ ನನ್ನ ಮುಂಗೈ ಮೇಲೆ ಒಂದು ಹನಿ ಇಟ್ಟರು. ಒಂದು ಪಕ್ಕಕ್ಕೆ ಬರಿಯ ಸಲೈನಿನ ಹನಿ, ಇನ್ನೊಂದು ಪಕ್ಕಕ್ಕೆ, ಹೋಲಿಸಿ ನೋಡಲು, ಯಾರ ಚರ್ಮದಲ್ಲಾದರೂ ಗುಳ್ಳೆ ಎಬ್ಬಿಸುವ ಹಿಸ್ಟಮಿನ್. ಮೂರರ ಮೇಲೂ ಸೂಜಿಯ ಮೊನೆಯಿಂದ ಚುಚ್ಚಿದ್ದು ತಿಳಿಯಲೂ ಇಲ್ಲ. ಹದಿನೈದು ನಿಮಿಷ ಕೈ ಚಾಚಿ ಕುಳಿತೆ. ಐದನೇ ನಿಮಿಷಕ್ಕೇ ನಡುವಿನ ಚುಕ್ಕೆ ಉಬ್ಬತೊಡಗಿತು. ಬಿಳಿಚಿದ ಗುಳ್ಳೆ, ಸುತ್ತಲೂ ಕೆಂಪು ವರ್ತುಲ, ತಡೆಯಲಾರದ ತುರಿಕೆ. ಸಲೈನಿನ ಜಾಗ ಸುಮ್ಮನಿತ್ತು. ಡಾಕ್ಟರು ಅಳತೆಪಟ್ಟಿ ಇಟ್ಟು ನೋಡಿ "ಎಂಟು ಮಿಲಿಮೀಟರ್" ಎಂದು ಬರೆದುಕೊಂಡರು. ಸಲೈನಿನ ಜಾಗಕ್ಕಿಂತ ಮೂರು ಮಿಲಿಮೀಟರ್ ಹೆಚ್ಚಿದ್ದರೂ ಅಲರ್ಜಿ ಎನ್ನಲು ಸಾಕಿತ್ತಂತೆ.

ಬ್ಲಡ್‌ವರ್ಮ್ ಎಂದರೆ ಎರೆಹುಳುವಿನ ಜಾತಿಯಲ್ಲ, ಕಚ್ಚದ ಒಂದು ಬಗೆಯ ನುಸಿಯ ಮರಿಹುಳು. ಗಾಳಿ ಕಡಿಮೆಯಿರುವ ಕೆಸರಲ್ಲಿ ಬದುಕಬೇಕಾದ್ದರಿಂದ ಅದರ ಮೈಯಲ್ಲಿ ನಮ್ಮ ರಕ್ತದಲ್ಲಿರುವಂತೆಯೇ ಹಿಮೋಗ್ಲೋಬಿನ್ ಇದೆ. ಆ ಕೆಂಪು ಬಣ್ಣ ಅದರದೇ, ಅಲರ್ಜಿಯ ಮೂಲವೂ ಅದೇ. ಒಣಗಿಸಿದ ಹುಳುವಿನಿಂದ ಪುಡಿ ಏಳುತ್ತದೆ, ಉಸಿರಿನೊಡನೆ ಒಳಗೆ ಹೋದರೆ ಕೆಲವರಿಗೆ ದಮ್ಮು ಬರುತ್ತದೆ. ಡಬ್ಬಿ ತೆರೆದಾಗಲೆಲ್ಲ ನನಗೆ ಸಾಲು ಸೀನು ಬರುತ್ತಿತ್ತು, ಧೂಳೆಂದು ಬಿಟ್ಟಿದ್ದೆ. ಎದೆ ಬಿಗಿದಂತಾದರೆ ಒಂದು ಗಳಿಗೆಯೂ ತಡಮಾಡದೆ ಬನ್ನಿ ಎಂದು ಡಾಕ್ಟರು ಎರಡು ಸಲ ಹೇಳಿದರು. ಸೀಗಡಿ ತಿಂದರೆ ಏನಾದರೂ ಆಗುತ್ತದೆಯೇ ಎಂದೂ ವಿಚಾರಿಸಿದರು, ಎರಡರಲ್ಲೂ ಹೋಲುವ ಪ್ರೋಟೀನು ಇದೆಯಂತೆ. ವಾರಕ್ಕೊಮ್ಮೆ ತಿನ್ನುವ ನನಗೆ ಏನೂ ಆಗಿಲ್ಲ, ದೇವರ ದಯೆ.

ನನಗೆ ಸಿಟ್ಟು ಬಂದದ್ದು ಡಬ್ಬಿಯ ಮೇಲೆ. ಮನೆಗೆ ಬಂದು ಭೂತಗನ್ನಡಿ ಹಿಡಿದು ಓದಿದೆ. ಮೀನಿನ ಬಣ್ಣ ಹೊಳೆಯುತ್ತದೆ ಎಂದಿದೆ, ಬೆಳವಣಿಗೆ ಚೆನ್ನಾಗುತ್ತದೆ ಎಂದಿದೆ. ಬರಿಗೈಯಲ್ಲಿ ಮುಟ್ಟಬೇಡಿ ಎಂಬ ಎರಡು ಪದಕ್ಕೆ ಜಾಗ ಸಿಕ್ಕಿಲ್ಲ. ಇದನ್ನು ಮನೆಮನೆಗಳಲ್ಲಿ ಮಕ್ಕಳು ಮುಟ್ಟುತ್ತಾರೆ.

ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಸಕ್ಕೆ ಹಾಕಿದೆ. ಈಗ ಪಾಚಿಯಿಂದ ಮಾಡಿದ ಗುಳಿಗೆಯನ್ನು ಚಹಾ ಚಮಚದಲ್ಲಿ ಹಾಕುತ್ತೇನೆ. ಏಂಜೆಲ್‌ಗಳು ಮೂರು ದಿನ ಬಾಯಿಗೆ ತೆಗೆದುಕೊಂಡು ಉಗುಳಿದವು, ನಾಲ್ಕನೆಯ ಸಂಜೆ ನುಂಗಿದವು. ಬೆರಳಿನ ಬಿರುಕು ಮುಚ್ಚಲು ಆರು ವಾರ ಹಿಡಿಯಿತು.

ಗುಳಿಗೆ ಕೊಳ್ಳಲು ಸ್ಟೇಷನ್ ಹತ್ತಿರದ ಮೀನಿನ ಅಂಗಡಿಗೆ ಹೋದಾಗ ಅಂಗಡಿಯವನಿಗೆ ಎಲ್ಲವನ್ನೂ ಹೇಳಿದೆ. ಅವನು ದೊಡ್ಡ ಚೀಲದಿಂದ ಒಣಹುಳುವನ್ನು ಕೈಯಾರೆ ಗೋರಿ ಸಣ್ಣ ಪೊಟ್ಟಣಗಳಿಗೆ ತುಂಬುತ್ತಿದ್ದ. ನನ್ನ ಮಾತು ಮುಗಿಯುವವರೆಗೂ ಸುಮ್ಮನಿದ್ದವನು ಕೈಯನ್ನು ಅಂಗಿಗೆ ಒರೆಸಿಕೊಂಡು ಗಲ್ಲೆಯ ಮೇಲೆ ಚಾಚಿದ. ಅಂಗೈ ಪೂರ್ತಿ ಮರದ ತೊಗಟೆಯಂತೆ ಸೀಳಿತ್ತು.

"ಒಂಬತ್ತು ವರ್ಷದಿಂದ ಹೀಗೇ ಇದೆ ತಾಯಿ," ಎಂದ. "ನೀರಿನ ಕೆಲಸವಲ್ಲವೇ, ಅದಕ್ಕೇ ಎಂದುಕೊಂಡಿದ್ದೆ."

ಬಿಲ್ಲಿನ ಹಿಂಬದಿಯಲ್ಲಿ ಡಾಕ್ಟರ ವಿಳಾಸವನ್ನೂ ಅವರು ಸಿಗುವ ದಿನಗಳನ್ನೂ ಬರೆದುಕೊಟ್ಟೆ.