ಡೆಪ್ಯುಟಿ ಸಾಹೇಬರ ಊರಿನಲ್ಲಿ ಎರಡು ವರ್ಷ

ನಾನು ಮೂರನೇ ಇಯತ್ತೆಯಲ್ಲಿದ್ದಾಗ ನಮ್ಮೂರ ಶಾಲೆಗೆ ಇನ್ಸ್‌ಪೆಕ್ಷನ್ ಬಂತು. 1968ರ ಸುಮಾರು. ಬೈಲಹೊಂಗಲ ತಾಲ್ಲೂಕಿನ ಸಣ್ಣ ಊರು ನಮ್ಮದು. ಎರಡು ದಿನ ಮೊದಲೇ ನೆಲ ಸಾರಿಸಿ, ಗೋಡೆಗೆ ಸುಣ್ಣ ಬಳಿದು, ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದೆವು. ಸಾಹೇಬರು ಬಂದರು. ನನ್ನನ್ನೇ ಎಬ್ಬಿಸಿ 13ರ ಮಗ್ಗಿ ಹೇಳು ಅಂದರು. ನನಗೆ ಮಗ್ಗಿ ಪೂರಾ ಬರುತ್ತಿತ್ತು. ಆದರೆ ಬಾಯಿ ತೆರೆಯಲೇ ಇಲ್ಲ. ಸಾಹೇಬರು ನನಗೆ ಏನೂ ಅನ್ನಲಿಲ್ಲ. ಮಾಸ್ತರರ ಕಡೆ ತಿರುಗಿ, ನಮ್ಮೆಲ್ಲರ ಎದುರಿಗೇ ಅವರನ್ನು ಬೈದರು. ನಮ್ಮ ಮಾಸ್ತರರು ತಲೆ ತಗ್ಗಿಸಿ ನಿಂತಿದ್ದರು. ಅವರ ಕೈಯಲ್ಲಿದ್ದ ಸೀಮೆಸುಣ್ಣ ಸುಮ್ನೆ ಪುಡಿಯಾಗಿ ನೆಲಕ್ಕೆ ಉದುರುತ್ತಿತ್ತು. ಅದನ್ನು ನಾನು ಇವತ್ತಿಗೂ ಮರೆತಿಲ್ಲ.

1979ರಲ್ಲಿ ಟಿಸಿಎಚ್ ಅನ್ನುವ ಮಾಸ್ತರಿಕೆಯ ತರಬೇತಿ ಮಾಡಲು ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಬಂದಾಗ ಈ ನೆನಪು ನನ್ನ ಜೊತೆಗೇ ಬಂದಿತ್ತು. ನಮ್ಮ ಕನ್ನಡ ಸರ್ ಮೊದಲ ದಿನವೇ ಒಂದು ಪ್ರಶ್ನೆ ಕೇಳಿದರು. "ಡೆಪ್ಯುಟಿ ಅಂದ್ರ ಯಾರ್ರಪಾ?" ಒಬ್ಬ ಹುಡುಗ ಎದ್ದು, "ಸಾಲಿ ತಪಾಸಣೆ ಮಾಡಾವ್ರು ಸರ್" ಅಂದ. ನಾನು ಕೂತಲ್ಲೇ, "ಮಾಸ್ತರರಿಗೆ ಬೈಯಾವ್ರು" ಅಂದುಬಿಟ್ಟೆ. ಸರ್‌ಗೆ ಕೇಳಿಸಿತು. ಬೈಯಲಿಲ್ಲ. ಕ್ಲಾಸ್ ಮುಗಿದ ಮೇಲೆ ಕರೆದು, "ಹಂಗ್ಯಾಕಂದಿ ತಮ್ಮಾ?" ಅಂತ ಕೇಳಿದರು. ನಾನು ಮಗ್ಗಿಯ ಕಥೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಳೆಯಿಂದ ನಿನಗ ಇನ್ನೊಬ್ಬ ಡೆಪ್ಯುಟಿ ಕಥಿ ಹೇಳ್ತೀನಿ" ಅಂದರು.

ಅವರು ಹೇಳಿದ್ದು ಈ ಸೀಮೆಯ ಊರೂರಿಗೆ ಕನ್ನಡ ಶಾಲೆ ತಂದ ಡೆಪ್ಯುಟಿ ಚನ್ನಬಸಪ್ಪನವರ ಕಥೆ. ಅದು ಒಂದೆರಡು ದಿನಕ್ಕೆ ಮುಗಿಯಲಿಲ್ಲ. ಪಾಠದ ನಡುವೆ, ಊಟದ ಹೊತ್ತಿನಲ್ಲಿ, ಕಾಲೇಜಿನ ಮರಗಳ ಕೆಳಗೆ ಓಡಾಡುತ್ತಾ, ಎರಡು ವರ್ಷ ಬಿಡಿಬಿಡಿಯಾಗಿ ಕೇಳಿದೆ. ನಮ್ಮ ಭಾಗದಲ್ಲಿ ಈ ಹೆಸರು ಎಲ್ಲರೂ ಕೇಳಿರುತ್ತಾರೆ. ಆದರೆ ಆ ಹುದ್ದೆಯಲ್ಲಿ ಕೂತು ಅವರು ಏನು ಮಾಡಿದರು ಅನ್ನುವುದನ್ನು ವಿವರವಾಗಿ ಹೇಳುವವರು ಕಡಿಮೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ಕಾಲವನ್ನು ಮೊದಲು ತಿಳಿಯಬೇಕು ಅನ್ನುತ್ತಿದ್ದರು ಸರ್. ಧಾರವಾಡ, ಬೆಳಗಾವಿ ಸೀಮೆ 1818ರವರೆಗೆ ಪೇಶ್ವೆಗಳ ಕೈಯಲ್ಲಿತ್ತು. ಆಮೇಲೆ ಇಂಗ್ಲಿಷರ ಕೈಗೆ ಬಂದು ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಆಳುವವರು ಬದಲಾದರೂ ಕಚೇರಿಯ ಭಾಷೆ ಮರಾಠಿಯೇ ಆಗಿ ಉಳಿಯಿತು. ದಫ್ತರದ ಕಾಗದ ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಓಡುಬರಹದಲ್ಲಿ. ಸರಕಾರಿ ಶಾಲೆಗಳಲ್ಲೂ ಮರಾಠಿಯೇ ಜಾಸ್ತಿ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಮಕ್ಕಳು ಕನ್ನಡ ಆಡುತ್ತಿದ್ದರು. ಶಾಲೆಯ ಹೊಸ್ತಿಲು ದಾಟಿದರೆ ಬೇರೆ ಭಾಷೆ. ಕನ್ನಡ ಅಕ್ಷರ ಕಲಿಯಬೇಕು ಅಂದರೆ ಐಗಳ ಮಠ, ಗಾಂವಠಿ ಶಾಲೆ ಅಂತ ಊರವರೇ ನಡೆಸುವ ಖಾಸಗಿ ಶಾಲೆಗಳೇ ಗತಿ. ಸರಕಾರಿ ನೌಕರಿ ಬೇಕಾದವರು ಮರಾಠಿ ಕಲಿಯುತ್ತಿದ್ದರು. ಅವರದೂ ತಪ್ಪು ಅನ್ನಲಾಗದು. ಹೊಟ್ಟೆಪಾಡಿನ ಪ್ರಶ್ನೆ ಅಲ್ವಾ?

ಚನ್ನಬಸಪ್ಪನವರು ಹುಟ್ಟಿದ್ದು 1834ರಲ್ಲಿ. ಹೆಚ್ಚಿನ ಓದಿಗೆ ಅವರು ಪುಣೆಗೆ ಹೋದರು. ಆಗ ಧಾರವಾಡಕ್ಕೆ ರೈಲೇ ಬಂದಿರಲಿಲ್ಲ. ಪುಣೆ ಅಂದರೆ 400 ಕಿಲೋಮೀಟರ್‌ಗೂ ಜಾಸ್ತಿ ದೂರ. "ನೀವು ಬಸ್ಸಿನ್ಯಾಗ ಬಂದು, ಹಾಸ್ಟೆಲ್ ಊಟ ಸರಿ ಇಲ್ಲ ಅಂತೀರಿ" ಅಂತ ಸರ್ ನಮ್ಮನ್ನು ಪ್ರೀತಿಯಿಂದ ಛೇಡಿಸುತ್ತಿದ್ದರು.

1854ರಲ್ಲಿ ವುಡ್ ಸಾಹೇಬರ ಖಲೀತೆ, ಅಂದರೆ ಶಿಕ್ಷಣದ ಬಗ್ಗೆ ಇಂಗ್ಲೆಂಡಿನಿಂದ ಬರೆದ ಸರಕಾರಿ ಪತ್ರ, ಬಂತು. ಅದರಿಂದ ಪ್ರಾಂತ್ಯ ಪ್ರಾಂತ್ಯಕ್ಕೂ ಶಿಕ್ಷಣ ಇಲಾಖೆ ಹುಟ್ಟಿತು. ಇನ್ಸ್‌ಪೆಕ್ಟರರು, ಅವರ ಕೈಕೆಳಗೆ ಡೆಪ್ಯುಟಿ ಇನ್ಸ್‌ಪೆಕ್ಟರರು ಅಂತ ಹೊಸ ಹುದ್ದೆಗಳು ಬಂದವು. ಇವತ್ತು ಬಿಇಓ, ಡಿಡಿಪಿಐ ಅಂತ ಯಾರನ್ನು ಕರೆಯುತ್ತೇವೋ ಅವರ ಹಿರೀಕರು ಇವರೇ. ಚನ್ನಬಸಪ್ಪನವರು ಮೊದಲು ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಸ್ಥರಾದರು. ನಾರ್ಮಲ್ ಸ್ಕೂಲ್ ಅಂದರೆ ಮಾಸ್ತರರನ್ನು ತಯಾರು ಮಾಡುವ ಶಾಲೆ. ಆಮೇಲೆ ಡೆಪ್ಯುಟಿ ಆದರು. ಈ ಕ್ರಮವನ್ನು ಸರ್ ಒತ್ತಿ ಒತ್ತಿ ಹೇಳುತ್ತಿದ್ದರು. "ಮೊದಲು ಮಾಸ್ತರರನ್ನ ತಯಾರ್ ಮಾಡಿದ್ರು. ಆಮೇಲೆ ಅವರ ಸಾಲಿ ನೋಡಾಕ ಹೋದ್ರು." ಕನ್ನಡ ಶಾಲೆ ತೆರೆಯಿರಿ ಅಂತ ಆದೇಶ ಬರೆಯುವುದು ಸುಲಭ. ಅಲ್ಲಿ ಕನ್ನಡದಲ್ಲಿ ಪಾಠ ಹೇಳುವವರು ಎಲ್ಲಿಂದ ಬರಬೇಕು? ಪುಸ್ತಕ ಎಲ್ಲಿಂದ ಬರಬೇಕು? ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಅಚ್ಚುಕೂಟ 1841ರಿಂದ ಕನ್ನಡ ಪುಸ್ತಕ ಅಚ್ಚು ಹಾಕುತ್ತಿತ್ತು ನಿಜ. ಆದರೆ ಈ ಕಡೆಯ ಶಾಲೆಗಳಿಗೆ ಅಷ್ಟೇ ಸಾಲುತ್ತಿರಲಿಲ್ಲ.

ಅವರಿಗೆ ಮೇಲಧಿಕಾರಿಯಾಗಿ ಸಿಕ್ಕವರು ರಸೆಲ್ ಸಾಹೇಬರು, ದಕ್ಷಿಣ ವಿಭಾಗದ ಎಜ್ಯುಕೇಶನಲ್ ಇನ್ಸ್‌ಪೆಕ್ಟರ್. ಕನ್ನಡ ಮಾತಾಡುವ ಮಕ್ಕಳಿಗೆ ಕನ್ನಡದಲ್ಲೇ ಕಲಿಸಬೇಕು ಅನ್ನುವುದನ್ನು ಅವರು ಒಪ್ಪಿ ಬೆನ್ನಿಗೆ ನಿಂತರು. ಮೇಲಿನವರು ಕಿವಿಗೊಟ್ಟರೆ ಕೆಳಗಿನವರು ಎಷ್ಟು ಕೆಲಸ ಮಾಡಬಹುದು ಅನ್ನುವುದು ಇಲಾಖೆಯಲ್ಲಿ ದುಡಿದ ಎಲ್ಲರಿಗೂ ಗೊತ್ತು. ಇಬ್ಬರೂ ಸೇರಿ ಊರೂರಿಗೆ ಕನ್ನಡ ಶಾಲೆ ತಂದರು.

ಸರ್ ಹೇಳಿದ್ದರಲ್ಲಿ ನನಗೆ ತುಂಬ ಹಿಡಿಸಿದ್ದು ಪತ್ರಿಕೆಯ ವಿಷಯ. 1865ರಲ್ಲಿ ಮಾಸ್ತರರಿಗಾಗಿ 'ಮಠಪತ್ರಿಕೆ' ಶುರುವಾಯಿತು. ಆಗ ಜನ ಶಾಲೆಯನ್ನು ಮಠ ಅಂತಲೇ ಕರೆಯುತ್ತಿದ್ದರಿಂದ ಆ ಹೆಸರು. ಅದೇ ಮುಂದೆ 'ಜೀವನ ಶಿಕ್ಷಣ' ಆಯಿತು. ನಮ್ಮ ಕಾಲೇಜಿನ ಓದುವ ಕೋಣೆಯಲ್ಲಿ ಅದರ ಹಳೆಯ ಸಂಚಿಕೆಗಳ ಕಟ್ಟು ಇತ್ತು. ಮಳೆಗಾಲದಲ್ಲಿ ಆ ಕೋಣೆಯಲ್ಲಿ ಒಂದು ಥರ ಹಸಿ ಕಾಗದದ ವಾಸನೆ. ಆ ಹಾಳೆ ತಿರುವುವಾಗ ನನಗೆ ಅನಿಸುತ್ತಿದ್ದದ್ದು ಒಂದೇ. ದೂರದ ಹಳ್ಳಿಯಲ್ಲಿ, ಒಬ್ಬನೇ, ಒಂದೇ ಕೋಣೆಯಲ್ಲಿ ಪಾಠ ಹೇಳುವ ಮಾಸ್ತರನಿಗೆ ಇಂಥ ಒಂದು ಸಂಚಿಕೆ ಕೈಗೆ ಬಂದಾಗ ಎಷ್ಟು ಧೈರ್ಯ ಬಂದಿರಬೇಕು! ಮುಂದೆ ನಾನೇ ಅಂಥ ಮಾಸ್ತರ ಆದಾಗ ಅದು ಪೂರ್ತಿ ಅರ್ಥವಾಯಿತು.

ಇಷ್ಟರ ನಡುವೆ ಶೇಕ್ಸ್‌ಪಿಯರನ ನಾಟಕವೊಂದನ್ನು ಚನ್ನಬಸಪ್ಪನವರು ಕನ್ನಡದ ಕಥೆಯಾಗಿಯೂ ಬರೆದರು. 1881ರಲ್ಲಿ ತೀರಿಹೋದರು. 50 ವರ್ಷ ಕೂಡ ತುಂಬಿರಲಿಲ್ಲ. ಕನ್ನಡಕ್ಕಾಗಿ ದುಡಿದ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಅದಾಗಿ 9 ವರ್ಷಕ್ಕೆ, 1890ರಲ್ಲಿ. ಏಕೀಕರಣ ಆದದ್ದು 1956ರಲ್ಲಿ. ಅವರು ಎರಡನ್ನೂ ನೋಡಲಿಲ್ಲ. ಕನ್ನಡ ಶಾಲೆಯಲ್ಲಿ ಕಲಿತ ಮಕ್ಕಳೇ ಮುಂದೆ ಅದನ್ನೆಲ್ಲ ಮಾಡಿದರು ಅಂತ ಸರ್ ನಂಬಿದ್ದರು. ನಾನೂ ನಂಬುತ್ತೇನೆ.

ಕೋರ್ಸ್ ಮುಗಿದು ಊರಿಗೆ ಹೊರಟ ದಿನ ಸರ್ ಹೇಳಿದ್ದು ಇಷ್ಟೇ: "ನೀನೂ ಒಂದಿನ ಸಾಲಿ ನೋಡಾಕ ಹೋಗ್ತಿ. ಹೋದಾಗ ಬಾಯಿ ಬಿಡಲಾರದ ಹುಡುಗನ ಹತ್ರ ಮೊದಲು ಕೂಡು."

1982ರಲ್ಲಿ ಪ್ರಾಥಮಿಕ ಶಾಲೆಗೆ ಸೇರಿದೆ. 20 ವರ್ಷಕ್ಕೂ ಜಾಸ್ತಿ ಪಾಠ ಮಾಡಿದೆ. ಆಮೇಲೆ ಖಾನಾಪುರ ತಾಲ್ಲೂಕಿನಲ್ಲಿ ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಆದೆ. ದೊಡ್ಡ ಸಾಹೇಬಗಿರಿ ಏನಲ್ಲ ಅದು. ಒಂದು ಗುಂಪಿನ ಶಾಲೆಗಳಿಗೆ ಹೋಗುವುದು, ಪಾಠ ನೋಡುವುದು, ಮಾಸ್ತರರಿಗೆ ಬೇಕಾದ ನೆರವು ಕೊಡುವುದು, ಹಾಜರಿ, ಬಿಸಿಯೂಟ, ಪಠ್ಯಪುಸ್ತಕದ ಲೆಕ್ಕ ಬರೆಯುವುದು. ಆದರೂ ಶಾಲೆಯ ಬಾಗಿಲಲ್ಲಿ ನಾನು ಕಾಣಿಸಿದರೆ ಮಕ್ಕಳು ತಟ್ಟನೆ ಎದ್ದು ನಿಲ್ಲುತ್ತಿದ್ದರು. ಆಗೆಲ್ಲ 13ರ ಮಗ್ಗಿ ನೆನಪಾಗುತ್ತಿತ್ತು.

ಒಂದು ಕನ್ನಡ ಶಾಲೆಯಲ್ಲಿ ಒಂದನೇ ತರಗತಿಯ ಹುಡುಗಿಯೊಬ್ಬಳು ಮೂಲೆಯಲ್ಲಿ ಕೂತಿದ್ದಳು. ಮಾತೇ ಆಡುವುದಿಲ್ಲ ಸರ್ ಅಂದರು ಟೀಚರ್. ಆ ಟೀಚರ್ ಒಳ್ಳೆಯವರು, ಕಾಳಜಿ ಇದ್ದವರು. ಏನಾಯಿತು ಅಂತ ನಿಧಾನವಾಗಿ ಕೇಳಿದೆ. ಶಾಲೆ ಶುರುವಾದ ಹೊಸದರಲ್ಲಿ ಆನೆಯ ಚಿತ್ರ ತೋರಿಸಿ ಇದೇನು ಅಂತ ಕೇಳಿದ್ದರಂತೆ. ಅವಳು "ಹತ್ತಿ" ಅಂದಳಂತೆ. ಕ್ಲಾಸೆಲ್ಲ ನಕ್ಕಿತಂತೆ. ಅವತ್ತಿನಿಂದ ಬಾಯಿ ಮುಚ್ಚಿದ್ದಾಳೆ.

ಆ ಮಗುವಿನ ಮನೆಮಾತು ಮರಾಠಿ. ಮರಾಠಿಯಲ್ಲಿ ಆನೆಗೆ ಹತ್ತೀ ಅನ್ನುತ್ತಾರೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು!

ಆ ಕ್ಷಣ ನನಗೆ ಚನ್ನಬಸಪ್ಪನವರು ನೆನಪಾದರು. ಅವರ ಕಾಲದಲ್ಲಿ ಕನ್ನಡದ ಮಗು ಮರಾಠಿ ಶಾಲೆಯಲ್ಲಿ ಹೀಗೇ ಮೂಲೆಯಲ್ಲಿ ಕೂತಿರಬೇಕು. ಅವರು ಹೋರಾಡಿದ್ದು ಮರಾಠಿಯ ಮೇಲಿನ ಸಿಟ್ಟಿಗೆ ಅಂತ ಕೆಲವರು ಮಾತಾಡುವುದನ್ನು ಕೇಳಿದ್ದೇನೆ. ನನಗೆ ಹಾಗನಿಸುವುದಿಲ್ಲ. ಮೂಲೆಯಲ್ಲಿ ಕೂತ ಆ ಮಗುವಿಗಾಗಿ ಅವರು ದುಡಿದರು ಅಂತಲೇ ನನಗೆ ಅನಿಸುತ್ತದೆ. ಹಾಗಿದ್ದ ಮೇಲೆ ಈ ಹುಡುಗಿಯೂ ಅವರ ಲೆಕ್ಕಕ್ಕೆ ಬರುತ್ತಾಳೆ.

ನಾನು ಅವಳ ಹತ್ತಿರ ನೆಲದ ಮೇಲೆ ಕೂತೆ. ಬೆಳಗಾವಿ ಕಡೆಯವನಾದ್ದರಿಂದ ನನಗೆ ಅಲ್ಪಸ್ವಲ್ಪ ಮರಾಠಿ ಬರುತ್ತದೆ. "ಹತ್ತೀ ಕಸಾ ಅಸತೋ?" ಆನೆ ಹೇಗಿರುತ್ತದೆ ಅಂತ ಕೇಳಿದೆ. ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಎರಡೂ ಕೈ ಅಗಲಿಸಿ, "ಮೋಠಾ!" ಅಂದಳು. ದೊಡ್ಡದು.

ಟೀಚರ್ ಅವತ್ತೇ ಕರಿಹಲಗೆಯ ಒಂದು ಬದಿಗೆ ಗೆರೆ ಎಳೆದು 'ಹತ್ತೀ – ಆನೆ' ಅಂತ ಬರೆದರು. ಶಾಲೆ ನೋಡಿದವರು ಅಭಿಪ್ರಾಯ ಬರೆಯುವ ಶೆರಾ ಪುಸ್ತಕದಲ್ಲಿ ನಾನು ಮಗುವಿನ ಬಗ್ಗೆ ದೂರು ಬರೆಯಲಿಲ್ಲ, ಟೀಚರ್ ಬಗ್ಗೆಯೂ ಬರೆಯಲಿಲ್ಲ. ಈ ಹೊಸ ಪಟ್ಟಿಯ ಬಗ್ಗೆ ಎರಡು ಸಾಲು ಬರೆದು ಸಹಿ ಹಾಕಿದೆ.

ಮುಂದಿನ ತಿಂಗಳು ಹೋದಾಗ ಪಟ್ಟಿ ಬೆಳೆದಿತ್ತು. ಘರ – ಮನೆ. ಪಾಊಸ – ಮಳೆ. ಮಾಂಜರ – ಬೆಕ್ಕು. ಕನ್ನಡದ ಹುಡುಗರೂ ಮರಾಠಿ ಶಬ್ದ ಕೂಗಿ ಹೇಳುತ್ತಿದ್ದರು. ಆ ಹುಡುಗಿ ಮೂಲೆಯಲ್ಲಿರಲಿಲ್ಲ. ಹಲಗೆಯ ಹತ್ತಿರ ನಿಂತು, ಬಲಗಡೆಯ ಕನ್ನಡ ಸಾಲನ್ನು ಒಂದೊಂದೇ ಬೆರಳಿಟ್ಟು ಓದುತ್ತಿದ್ದಳು. ನನ್ನನ್ನು ನೋಡಿ ಎಲ್ಲರೂ ಎದ್ದರು. ಅವಳು ಮಾತ್ರ ಓದು ನಿಲ್ಲಿಸಲಿಲ್ಲ.