ಬ್ಯಾಟರಿ ಕೆಳಗಿನ ತಗಡು, ನನ್ನ ಎರಡು ಸಂಡೇ

ಅಪ್ಪಾಜಿ 1999ರಾಗ ತೊಗೊಂಡ ಮಾರುತಿ 800 ಇನ್ನೂ ಮನ್ಯಾಗ ಅದ, ಅವರು ಮಾರಂಗಿಲ್ಲ ನಾ ಬಿಡಂಗಿಲ್ಲ. ಹೋದ ತಿಂಗಳ ಬ್ಯಾಟರಿ ಎತ್ತಿ ನೋಡಿದ್ರ ಅದು ಕೂಡೋ ತಗಡು ಜಂಗ ತಿಂದು ಹಪ್ಪಳದಂಗ ಎದ್ದಿತ್ತು. ನಮ್ಮ ಕಲಬುರಗಿ ಬಿಸಿಲಾಗ ಎಲ್ಲಿ ಜಂಗ ಹಿಡಿತದ ಅನ್ಕೊಂಡಿದ್ದೆ, ಆದ್ರ ಇದು ಮಳಿ ಕೆಲಸ ಅಲ್ರಿ, ಆಸಿಡ್ ಕೆಲಸ. ಡಿಸ್ಟಿಲ್ಡ್ ವಾಟರ್ ಗಂಟಲಮಟ ತುಂಬೋ ಚಟ ನಂದು, ಚಾರ್ಜ್ ಆಗುವಾಗ ಅದೇ ಆಸಿಡ್ ಜೊತಿ ಹೊರಗ ಬಂದು ಮೊದಲು ಪೇಂಟ್ ತಿಂತದ, ಆಮ್ಯಾಲ ಕಬ್ಬಿಣ.

ಎರಡು ವರ್ಷದ ಹಿಂದನೂ ಹಿಂಗೇ ಆಗಿತ್ತು, ಆವಾಗ ಒಂದು ಡಬ್ಬಿ ಕಪ್ಪು ಸ್ಪ್ರೇ ತಂದು ಜಂಗಿನ ಮ್ಯಾಲೇ ಹೊಡ್ದು ಕೈ ಝಾಡಿಸ್ಕೊಂಡಿದ್ದೆ, ಆರೇ ತಿಂಗಳಿಗೆ ಬೊಬ್ಬಿ ಎದ್ದು ಸುಲಿದು ಬಂತು. ನಮ್ಮ ಮೆಕ್ಯಾನಿಕ್ ಚಾಚಾ ನೋಡಿ "ತಮ್ಮಾ, ಮೈ ತೊಳಿಲಾರದ ಹೊಸ ಅಂಗಿ ಹಾಕ್ಕೊಂಡಂಗ ಮಾಡೀದಿ" ಅಂದಿದ್ರು.

ಈ ಸಲ ಪದ್ಧತಿಶೀರ ಮಾಡ್ದೆ. 10 ನಂಬರ ಪಾನಾ ತೊಗೊಂಡು ಮೊದಲು ನೆಗೆಟಿವ್ ಬಿಚ್ಚಿ ಆಮ್ಯಾಲ ಪಾಸಿಟಿವ್ (ಹಚ್ಚುವಾಗ ಉಲ್ಟಾ, ನೆಗೆಟಿವ್ ಕಡಿಗೆ). ಅವ್ವನ ಅಡಗಿ ಮನಿ ಸೋಡಾಪುಡಿ ನೀರಾಗ ಕಲಿಸಿ ಸುರಿದ್ರ ಬುಸ್ ಅಂತ ನೊರಿ ಬಂತು, ಆ ನೊರಿ ನಿಲ್ಲೋ ತನಕ ಸುರೀಬೇಕು, ಆಸಿಡ್ ಉಳಿದ್ರ ಎಷ್ಟು ಪೇಂಟ್ ಹೊಡದ್ರೂ ಅಷ್ಟೇ. ಒಂದು ತಪ್ಪು ಮಾಡ್ದೆ, ಬ್ಯಾಟರಿ ತಂದು ಸೀದಾ ಅಂಗಳದಾಗ ಇಟ್ಟೆ. ನೆಲಕ್ಕ ಹಾಕಿದ್ದು ಶಹಾಬಾದ ಪರಸಿ, ಅದು ಸುಣ್ಣದಕಲ್ಲಲ್ರಿ, ಆಸಿಡ್ ಹನಿ ಬಿದ್ದಲ್ಲೆಲ್ಲಾ ಕೊರದು ಬೆಳ್ಳನ ಕಲೆ, ಉಜ್ಜಿದ್ರೂ ಹೋಗಂಗಿಲ್ಲ. ಬೈಗುಳ ಬ್ಯಾರೆ.

ಆಮ್ಯಾಲ ವೈರ್ ಬ್ರಶ್. ಪೂರಾ ಒಂದು ಸಂಡೇ ಇದಕ್ಕೇ ಹೋತು ನೋಡ್ರಿ. ಸಡಿಲ ಇದ್ದ ಪದರಾ ಎಲ್ಲಾ ಕೆತ್ತಿ 80 ನಂಬರ ಒರಟ ಎಮರಿ ಪೇಪರ್, ಅದರ ಗೀರು ಹೋಗಾಕ 220ರ ನುಣುಪಂದು, ನಡುವ ಸ್ಕ್ರೂಡ್ರೈವರ್ಲೆ ಚುಚ್ಚಿ ಚುಚ್ಚಿ ನೋಡ್ದೆ, ಒಳಗ ಹೋಗಿದ್ರ ಪೇಂಟ್ ದಂಡ, ವೆಲ್ಡಿಂಗಿಗೇ ಹೋಗಬೇಕಿತ್ತು, ಪುಣ್ಯಾ ಹೋಗ್ಲಿಲ್ಲ. ಸಣ್ಣ ಸಣ್ಣ ಕುಳಿಯೊಳಗ ಕರೆ ಜಂಗ ಉಳಿತದ, ಅದಕ್ಕ ರಸ್ಟ್ ಕನ್ವರ್ಟರ್ ಹಚ್ಚಿದೆ, ಅದರಾಗ ಫಾಸ್ಫಾರಿಕ್ ಆಸಿಡ್ ಇರ್ತದ, ಜಂಗ ಕಪ್ಪಗಾಗಿ ಗಟ್ಟಿ ಕೂಡ್ತದ.

ಮುಂದಿನ ಸಂಡೇ ಮತ್ತೊಂದು ಸಲ ಎಮರಿ ಆಡ್ಸಿ, ತಿನ್ನರ್ ಅರಬಿಲೆ ಒರಸಿ, ರೆಡ್ ಆಕ್ಸೈಡ್ (ಪೇಂಟಿನ ಕೆಳಗ ಜಂಗ ತಡಿಯಾಕ ಹಚ್ಚೋ ಪ್ರೈಮರ್) ಹಚ್ಚಿ, ಅದು ಒಣಗಿದ ಮ್ಯಾಲ ಮಧ್ಯಾಹ್ನ ಕಪ್ಪು ಸ್ಪ್ರೇ ಹಿಡದೆ. ಮಧ್ಯಾಹ್ನ! ತಗಡು ಕಾದು ಹಂಚಾಗಿತ್ತು, ಪೇಂಟ್ ಗಾಳಿಯೊಳಗೇ ಒಣಗಿ ಉಸುಕಿನಂಗ ಕುಂತು ಖರಖರ ಆತು. ಮತ್ತ ತಿಕ್ಕಿ, ಮರುದಿನ ಮುಂಜಾನಿ ಏಳಕ್ಕ ಬಿಸಿಲು ಏರೋದ್ರಾಗ ತೆಳ್ಳಗ ಮೂರು ಕೈ ಹೊಡ್ದೆ, ಒಂದೊಂದಕ್ಕ ಹದಿನೈದು ನಿಮಿಷ ಬಿಟ್ಟು. ಈಗ ಬ್ಯಾಟರಿ ಕೆಳಗ ರಬ್ಬರ್ ಶೀಟ್ ಹಾಕೀನಿ, ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಮ್ಯಾಲಿನ ಗೆರಿ ತನಕ ಅಷ್ಟೇ.

ಡಬ್ಬ್ಯಾಗ ಅರ್ಧ ರೆಡ್ ಆಕ್ಸೈಡ್ ಉಳದದ, ಗೇಟಿಗೆ ಯಾವಾಗ ಹಚ್ತಿ ಅಂತ ಅವ್ವ ಕೇಳಾಕ ಹತ್ತ್ಯಾಳ, ಅಂದ್ರ ಈ ಸಂಡೇನೂ ಹೋತು.